ಹೆಬ್ಬಾಗಿಲಿನ ಹಿತ್ತಾಳೆ ಮೊಗ್ಗು ಒಡೆದದ್ದೇಕೆ: ಒಂದು ದುರಸ್ತಿಯ ದಿನಚರಿ

ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯ ಹತ್ತಿರ ಇರುವ ನಮ್ಮ ಹಳ್ಳಿಮನೆಯ ಹೆಬ್ಬಾಗಿಲು ಜೋಡಿ ಕದದ್ದು. ಹಲಸಿನ ಮರ, ಒಂದೂವರೆ ಇಂಚು ದಪ್ಪ. ಕದವೊಂದಕ್ಕೆ 12ರಂತೆ 24 ಹಿತ್ತಾಳೆ ಮೊಗ್ಗು (ಅಂದಕ್ಕೆ ಹೊಡೆಯುವ ಉಬ್ಬು ಬಿಲ್ಲೆ), ಹೊರಗೆ ಎರಡು ಬಳೆ, ಒಳಗೆ ಮೇಲೊಂದು ಕೆಳಗೊಂದು ಚಿಲಕ, ಕದವೊಂದಕ್ಕೆ ಮೂರರಂತೆ ಆರು ಹಿಂಜ್. ಎಲ್ಲವೂ ಹಿತ್ತಾಳೆ. ಅಜ್ಜ ಮನೆ ಕಟ್ಟಿಸಿದ್ದು 1938ರಲ್ಲಿ. ಆಗ ಹಾಕಿಸಿದ್ದೇ ಇವತ್ತಿಗೂ ಇದೆ.

ಏಪ್ರಿಲ್‌ನಲ್ಲಿ ಊರಿಗೆ ಹೋದಾಗ ಎಡಗಡೆ ಕದ ಹೊಸ್ತಿಲನ್ನು ಉಜ್ಜುತ್ತಿತ್ತು. ದೊಡ್ಡಮ್ಮನಿಗೆ ಈಗ 76. ರಾತ್ರಿ ಬಾಗಿಲು ಹಾಕುವಾಗ ಎರಡೂ ಕೈಯಿಂದ ಕದದ ಅಂಚು ಹಿಡಿದು ಮೇಲಕ್ಕೆತ್ತಿ ದೂಡುತ್ತಿದ್ದರು. ಮಳೆ ಹಿಡಿಯುವುದರೊಳಗೆ ಇದನ್ನು ಸರಿಮಾಡಲೇಬೇಕು ಅನ್ನಿಸಿತು. "ಹೊಸದು ತಂದು ಹಾಕು ಮಾರಾಯ, ಇಷ್ಟು ಹಳೇದಕ್ಕೆ ಯಾಕೆ ಒದ್ದಾಡ್ತೀಯ?" ಅಂದರು ಚಿಕ್ಕಪ್ಪ.

ಅವರ ಮಾತಿಗೆ ಬೆಲೆ ಕೊಟ್ಟು ಮೊದಲು ಪೇಟೆಗೇ ಹೋದೆ. ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡಿದ್ದೆ. ಅಂಗಡಿಯವರು ಹಿತ್ತಾಳೆ ಅಂತ ಕೊಟ್ಟ ಮೊದಲ ಹಿಂಜ್‌ಗೆ ಅಯಸ್ಕಾಂತ ಗಟ್ಟಿಯಾಗಿ ಕಚ್ಚಿಕೊಂಡಿತು. ಒಳಗೆ ಕಬ್ಬಿಣ, ಮೇಲೆ ಹಿತ್ತಾಳೆಯ ಲೇಪ. ಎರಡನೆಯದಕ್ಕೆ ಕಚ್ಚಲಿಲ್ಲ, ಆದರೆ ಕೈಗೆ ಹಗುರ. ಹಿಂಭಾಗದಲ್ಲಿ ಅರದಿಂದ ಒಂದೇ ಒಂದು ಗೀರು ಎಳೆದು ನೋಡುತ್ತೇನೆ ಅಂತ ಕೇಳಿದೆ, ಒಪ್ಪಿದರು. ಹಳದಿ ಬಣ್ಣದ ಅಡಿಯಲ್ಲಿ ಬೆಳ್ಳಗಿನ ಲೋಹ ಹೊಳೆಯಿತು. ಸತುವಿನ ಅಚ್ಚೆರಕ ಅದು. ಅಯಸ್ಕಾಂತವೊಂದನ್ನೇ ನಂಬಿ ಹಿತ್ತಾಳೆ ಕೊಳ್ಳುವವರು ಇಲ್ಲಿ ಮೋಸಹೋಗುತ್ತಾರೆ. ಅರದ ಗೀರು ಮತ್ತು ತೂಕ, ಎರಡೂ ಬೇಕು.

ಮನೆಗೆ ಬಂದು ನಮ್ಮ ಹಳೆಯ ಹಿಂಜ್ ಒಂದನ್ನು ಬಿಚ್ಚಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. 370 ಗ್ರಾಂ. ದಾರ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ ತೂಗಿದರೆ 326. ಕಮ್ಮಿಯಾದ 44 ಗ್ರಾಂ ಅಂದರೆ ಅದು ಪಕ್ಕಕ್ಕೆ ತಳ್ಳಿದ ನೀರು. 370ನ್ನು 44ರಿಂದ ಭಾಗಿಸಿದರೆ 8.4. ಹಿತ್ತಾಳೆಯ ಸಾಂದ್ರತೆ ಇರುವುದೇ 8.4ರಿಂದ 8.7ರ ನಡುವೆ. ಸತುವಿನ ಅಚ್ಚೆರಕಕ್ಕೆ 7ಕ್ಕಿಂತ ಕಡಿಮೆ ಬರುತ್ತದೆ. ಈ ಲೆಕ್ಕ ತೋರಿಸಿದ ಮೇಲೆ ಚಿಕ್ಕಪ್ಪ ಹೊಸದರ ಮಾತು ಎತ್ತಲಿಲ್ಲ.

ಬಿಚ್ಚುವುದಕ್ಕೇ ಒಂದೂವರೆ ದಿನ ಹಿಡಿಯಿತು. ಆರು ಹಿಂಜ್‌ಗೆ 36 ಸ್ಕ್ರೂ. ಅದರಲ್ಲಿ 31 ಹಿತ್ತಾಳೆ, ಉಳಿದ ಐದು ಯಾವಾಗಲೋ ಯಾರೋ ಹಾಕಿದ ಕಬ್ಬಿಣದವು. ಆ ಐದರ ಸುತ್ತ ಮರ ಶಾಯಿ ಚೆಲ್ಲಿದಂತೆ ಕಪ್ಪಾಗಿತ್ತು. ಹಿತ್ತಾಳೆ ಮತ್ತು ಕಬ್ಬಿಣ ಒಂದಕ್ಕೊಂದು ತಾಗಿಕೊಂಡು ನಡುವೆ ತೇವ ಸಿಕ್ಕರೆ ಅಲ್ಲೊಂದು ಸಣ್ಣ ಬ್ಯಾಟರಿಯೇ ಆಗುತ್ತದೆ. ಅದರಲ್ಲಿ ಸವೆಯುವುದು ಯಾವಾಗಲೂ ಕಬ್ಬಿಣ. ಆ ತುಕ್ಕು ಮರದ ಒಗರಿನ ಜೊತೆ ಸೇರಿ ಕಪ್ಪು ಕಲೆ ಬಿಡುತ್ತದೆ. ಹಿತ್ತಾಳೆ ಹಿಂಜ್‌ಗೆ ಹಿತ್ತಾಳೆ ಸ್ಕ್ರೂವನ್ನೇ ಹಾಕಬೇಕು ಅಂತ ಹಳೆಯ ಬಡಗಿಗಳು ಹಟ ಹಿಡಿಯುತ್ತಿದ್ದುದು ಇದಕ್ಕೇ.

ಹಳೆಯ ಹಿತ್ತಾಳೆ ಸ್ಕ್ರೂ ಬಿಚ್ಚಲು ಆತುರ ಸಲ್ಲದು. ಮೊದಲು ತಲೆಯ ಸೀಳಿನಲ್ಲಿ ಕೂತ ಬಣ್ಣ, ಕಿಲುಬು ಎಲ್ಲವನ್ನೂ ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಕೆರೆದು ತೆಗೆದೆ. ಆಮೇಲೆ ಕಾದ ಸೋಲ್ಡರಿಂಗ್ ಐರನ್ನಿನ ತುದಿಯನ್ನು ತಲೆಯ ಮೇಲೆ ಒಂದೆರಡು ನಿಮಿಷ ಒತ್ತಿ ಹಿಡಿದೆ. ಬಿಸಿಗೆ ಸ್ಕ್ರೂ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ, ಅಷ್ಟರಲ್ಲಿ ಮರದ ಹಿಡಿತ ಸಡಿಲುತ್ತದೆ. ಸ್ಕ್ರೂ ಡ್ರೈವರ್‌ನ ಬಾಯಿಯನ್ನು ಅರದಲ್ಲಿ ಉಜ್ಜಿ ಸೀಳಿಗೆ ಸರಿಯಾಗಿ ಕೂರುವಂತೆ ಮಾಡಿಕೊಂಡಿದ್ದೆ. ಮೊದಲು ಬಿಗಿ ಮಾಡುವ ಕಡೆಗೆ ಒಂದು ಎಳೆಯಷ್ಟು, ಆಮೇಲೆ ಬಿಚ್ಚುವ ಕಡೆಗೆ. ಇಷ್ಟು ಮಾಡಿದರೂ ಎರಡು ಸ್ಕ್ರೂಗಳ ಕುತ್ತಿಗೆ ಮುರಿಯಿತು. ಸಣ್ಣ ಸ್ಟೀಲ್ ಕೊಳವೆಯೊಂದರ ತುದಿಗೆ ಗರಗಸದ ಹಾಗೆ ಹಲ್ಲು ಕೊರೆದು, ಅದನ್ನು ಡ್ರಿಲ್‌ಗೆ ಹಾಕಿ, ಮುರಿದ ತುಂಡಿನ ಸುತ್ತಲ ಮರದ ಸಮೇತ ಹೊರಗೆ ತೆಗೆದೆ. ಆ ತೂತಿಗೆ ಹಲಸಿನದೇ ಗೂಟ, ಅಂಟು ಹಾಕಿ.

ಹಿಂಜ್‌ಗಳು ಎರಕದವು, ಮಂದವಾದವು. ತಟ್ಟಿದರೆ ಠಣ್ ಅನ್ನುತ್ತವೆ. ಸ್ಕ್ರೂ ಕೂರುವ ಎರಡು ಎಲೆಗಳಲ್ಲಿ (ಪಟ್ಟಿಗಳಲ್ಲಿ) ಒಂದು ಬಿರುಕೂ ಇಲ್ಲ. ಕೆಟ್ಟಿದ್ದು ನಡುವಿನ ಪಿನ್ನು. ಅದು ಕಬ್ಬಿಣದ್ದು, ತುಕ್ಕು ತಿಂದು ಸೊಂಟದಲ್ಲಿ ಸಣಕಲಾಗಿತ್ತು. ಆ ತುಕ್ಕಿನ ಪುಡಿಯೇ ಅರದ ಹಾಗೆ ಉಜ್ಜಿ ಹಿತ್ತಾಳೆಯ ತೂತನ್ನು ಮೊಟ್ಟೆಯಾಕಾರ ಮಾಡಿತ್ತು. ಜೊತೆಗೆ ಕದದ ಭಾರ ಹೊರುವ ಮುಖಗಳು ಒಂದೂವರೆ ಮಿಲಿಮೀಟರ್ ಸವೆದಿದ್ದವು. ಮೇಲಿನ ಹಿಂಜ್‌ನ ಸಡಿಲ ಸ್ಕ್ರೂಗಳೂ ಸೇರಿ ಕದ ಜೋತುಬಿದ್ದಿತ್ತು.

ಲೇತ್ ಅಂಗಡಿಯವರ ಹತ್ತಿರ ಎಲ್ಲ ತೂತುಗಳನ್ನೂ 7 ಮಿ.ಮೀ.ಗೆ ರೀಮರ್ (ತೂತನ್ನು ಅಳತೆಗೆ ನುಣ್ಣಗೆ ಹಿಗ್ಗಿಸುವ ಉಪಕರಣ) ಹಾಕಿಸಿದೆ, ಸ್ಟೇನ್‌ಲೆಸ್ ಸ್ಟೀಲ್ ರಾಡನ್ನು ಅದೇ ಅಳತೆಗೆ ಕಡೆಸಿ ಪಿನ್ನು ಮಾಡಿಸಿದೆ. ಹಿತ್ತಾಳೆ ಪಿನ್ನನ್ನೇ ಹಾಕಬಹುದಿತ್ತು, ನೋಡಲು ಚಂದವೂ ಇರುತ್ತಿತ್ತು. ಆದರೆ ಒಂದೇ ಲೋಹ ಒಂದರ ಮೇಲೊಂದು ಉಜ್ಜಿದರೆ ಕಚ್ಚಿಕೊಂಡು ಎರಡೂ ಸವೆಯುತ್ತವೆ. ಗಟ್ಟಿ ಸ್ಟೀಲು ಮೆತ್ತನೆಯ ಹಿತ್ತಾಳೆಯೊಳಗೆ ನುಣ್ಣಗೆ ತಿರುಗುತ್ತದೆ. ಪಂಪಿನ ಬುಷ್‌ಗಳಲ್ಲಿ ನಾವು ದಿನಾ ನೋಡುವುದು ಅದನ್ನೇ. ಭಾರ ಬೀಳುವ ಮುಖಗಳ ನಡುವೆ ಹಿತ್ತಾಳೆ ವಾಷರ್ ಇಟ್ಟು, ಸವೆದದ್ದನ್ನು ತುಂಬಿಕೊಂಡೆ. ಹೊಸ ತೂತು ಕೊರೆಯುವವರಿಗೆ ಒಂದು ಮಾತು: ಹರಿತವಾದ ಹೊಸ ಡ್ರಿಲ್ ಬಿಟ್ ಹಿತ್ತಾಳೆಗೆ ಹೋದರೆ ಸ್ಕ್ರೂವಿನ ಹಾಗೆ ತಾನೇ ಎಳೆದುಕೊಂಡು ಹೋಗಿ ಸಾಮಾನನ್ನು ಕೈಯಿಂದ ಕಿತ್ತು ತಿರುಗಿಸಿಬಿಡುತ್ತದೆ. ಬಿಟ್ಟಿನ ಕತ್ತರಿಸುವ ಅಂಚನ್ನು ಸಾಣೆಕಲ್ಲಿನಿಂದ ಒಂದಿಷ್ಟು ಚಪ್ಪಟೆ ಮಾಡಿಕೊಂಡರೆ ಆ ಭಯವಿಲ್ಲ.

ಕೆಳಗಿನ ಚಿಲಕದ ಕತೆ ಬೇರೆ. ಅದರ ಕಡ್ಡಿಯ ತುದಿ ಕಲ್ಲಿನ ಹೊಸ್ತಿಲಿನ ಕುಳಿಯೊಳಗೆ ಇಳಿಯುತ್ತದೆ. ಬಿಚ್ಚಿ ನೋಡಿದರೆ ತುದಿಯ ಎರಡು ಸೆಂಟಿಮೀಟರ್ ಹಳದಿಯಾಗಿ ಉಳಿದೇ ಇರಲಿಲ್ಲ, ತಾಮ್ರದ ಹಾಗೆ ಕೆಂಪಾಗಿತ್ತು. ಉಗುರಿನಿಂದ ಗೀರಿದರೆ ಹಳೆಯ ಇಟ್ಟಿಗೆಯಂತೆ ಪುಡಿ ಬಂತು, ಇಕ್ಕಳದಲ್ಲಿ ಹಿಡಿದು ಬಗ್ಗಿಸಿದೆ, ಟಕ್ಕನೆ ಮುರಿಯಿತು. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ನಿಂತ ನೀರಿನಲ್ಲಿ ವರ್ಷಗಟ್ಟಲೆ ನೆನೆದರೆ ಸತು ಕರಗಿ ಹೋಗುತ್ತದೆ, ತಾಮ್ರ ಮಾತ್ರ ಸ್ಪಂಜಿನ ಹಾಗೆ ಉಳಿಯುತ್ತದೆ. ಆಕಾರ ಹಾಗೇ ಇರುತ್ತದೆ, ಒಳಗಿನ ಬಲ ಹೋಗಿರುತ್ತದೆ. ನೂರರಲ್ಲಿ ಸತು 40 ಪಾಲಿನ ಹತ್ತಿರ ಇರುವ ಹಿತ್ತಾಳೆಗೆ ಈ ರೋಗ ಬೇಗ ತಗಲುತ್ತದೆ. ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಹೊಸ್ತಿಲು ತೊಳೆಯುತ್ತಾರೆ. ಆ ನೀರು ಕುಳಿಯಲ್ಲಿ ನಿಂತೇ ಇರುತ್ತಿತ್ತು.

ಮತ್ತೆ ಹಿತ್ತಾಳೆ ರಾಡನ್ನೇ ಕಡೆದು ಹಾಕಿದರೆ ನನ್ನ ಮಕ್ಕಳು ಇದೇ ಕೆಲಸ ಮಾಡಬೇಕಾಗುತ್ತದೆ. ಲೇತ್ ಅಂಗಡಿಯಲ್ಲಿ ಮಾಮೂಲಾಗಿ ಸಿಗುವ ಹಿತ್ತಾಳೆ ರಾಡಿನಲ್ಲಿ ನೂರಕ್ಕೆ ಸುಮಾರು 3 ಪಾಲು ಸೀಸ ಬೆರೆಸಿರುತ್ತಾರೆ. ಅದರಿಂದಲೇ ಅದು ಎಣ್ಣೆಯಿಲ್ಲದೆ ಚಿಕ್ಕ ಚಿಕ್ಕ ಸೂಜಿ ಚೂರುಗಳಾಗಿ ಸೊಗಸಾಗಿ ಕಡೆಯುತ್ತದೆ, ಆದರೆ ನಿಂತ ನೀರಿಗೆ ತಾಳುವ ಜಾತಿಯದಲ್ಲ. ಹಾಗಾಗಿ ಗನ್‌ಮೆಟಲ್ ತುಂಡು ಕೇಳಿ ತೆಗೆದುಕೊಂಡೆ. ಅದರಲ್ಲಿ ತಾಮ್ರಕ್ಕೆ ತವರ ಬೆರೆತಿರುತ್ತದೆ, ಸತು ಸ್ವಲ್ಪವೇ. ಬಣ್ಣ ಒಂದು ಛಾಯೆ ಕೆಂಪು. ಕುಳಿಯೊಳಗಿನ ತುದಿಯನ್ನು ಯಾರು ನೋಡುತ್ತಾರೆ? ಕುಳಿಯ ತಳದಿಂದ ಹೊರಕ್ಕೆ ಓರೆಯಾಗಿ ಒಂದು ತೂತನ್ನೂ ಕೊರೆದೆ. ಈಗ ತೊಳೆದ ನೀರು ನಿಲ್ಲದೆ ಹರಿದು ಹೋಗುತ್ತದೆ.

ಇಷ್ಟೂ ಸವಕಳಿಯ ಕೆಲಸ, ಕಾರಣ ಕಣ್ಣಿಗೆ ಕಾಣುತ್ತದೆ. ಕಾಣದೆ ಕಾಡಿದ್ದು ಮೊಗ್ಗುಗಳು. 24ರಲ್ಲಿ 9 ಒಡೆದಿದ್ದವು. ಒಂದೊಂದೂ ಅಂಗೈಗಿಂತ ಸಣ್ಣದು, ತೆಳು ತಗಡನ್ನು ಗುಮ್ಮಟದ ಹಾಗೆ ಉಬ್ಬಿಸಿ ಅಂಚು ಮಡಿಸಿದ್ದು. ಬಿರುಕುಗಳೆಲ್ಲ ಅಂಚಿನಲ್ಲಿ ಹುಟ್ಟಿ ನಡುವಿನ ಮೊಳೆಯ ಕಡೆಗೆ ಓಡಿದ್ದವು. ಯಾರೂ ಹೊಡೆದ ಗುರುತಿಲ್ಲ, ತಗ್ಗಿಲ್ಲ, ಬಾಗಿಲ್ಲ. ಭೂತಗನ್ನಡಿ ಹಿಡಿದರೆ ಒಣಗಿದ ಕೆರೆಯ ಮಣ್ಣಿನಂತೆ ಕವಲೊಡೆದ ಗೆರೆಗಳು. ಹಿತ್ತಾಳೆಯನ್ನು ಬಗ್ಗಿಸಿದರೆ ಬಗ್ಗಬೇಕು, ಹೀಗೆ ಗಾಜಿನಂತೆ ಸೀಳುವುದು ಅದರ ಸ್ವಭಾವವೇ ಅಲ್ಲ. "ವಯಸ್ಸಾಯ್ತು ಅದಕ್ಕೆ" ಅಂದರು ಚಿಕ್ಕಪ್ಪ. ಆದರೆ ದೇವರ ಮನೆಯ ಬಾಗಿಲಿನಲ್ಲೂ ಇಂಥವೇ 12 ಮೊಗ್ಗುಗಳಿವೆ. ಅದೇ ಕಂಚುಗಾರರು ಅದೇ ವರ್ಷ ಮಾಡಿದ್ದು. ಹಬ್ಬಹಬ್ಬಕ್ಕೆ ಹುಣಸೆಹಣ್ಣು ಹಾಕಿ ತಿಕ್ಕಿಸಿಕೊಂಡೂ ಒಂದರಲ್ಲೂ ಬಿರುಕಿಲ್ಲ.

ಆ ರಾತ್ರಿ ಊಟದ ಹೊತ್ತಿಗೆ ದೊಡ್ಡಮ್ಮನನ್ನು ಕೇಳಿದೆ, ಮೊದಲನೆಯದು ಒಡೆದದ್ದು ಯಾವಾಗ ಅಂತ. ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: "ನಾನು ಮದುವೆಯಾಗಿ ಬಂದಾಗ ಎಲ್ಲ ಸರಿಯಾಗೇ ಇತ್ತು ಕಣೋ. ಕೊಟ್ಟಿಗೆ ಈ ಕಡೆ ಬಂತಲ್ಲ, ಅದಾಗಿ ಎರಡು ಮೂರು ಮಳೆಗಾಲಕ್ಕೆ ಒಂದು ಚೂರು ಉದುರಿತ್ತು. ಗುಡಿಸುವಾಗ ಸಿಕ್ಕಿತ್ತು ನನಗೆ."

ಉತ್ತರ ಅಲ್ಲೇ ಇತ್ತು. ಹಳೆಯ ಕೊಟ್ಟಿಗೆ ಅಂಗಳದ ಆಚೆ, ಹುಲ್ಲಿನ ಮಾಡಿನದು. ಹದಿನೈದು ವರ್ಷದ ಹಿಂದೆ ಅದನ್ನು ಕೆಡವಿ ಜಗುಲಿಗೆ ಆತುಕೊಂಡಂತೆ ಹೊಸದು ಕಟ್ಟಿದರು. ಹೆಬ್ಬಾಗಿಲಿಗೂ ಕೊಟ್ಟಿಗೆಯ ಕಿಂಡಿಗೂ ಈಗ ನಾಲ್ಕೇ ಹೆಜ್ಜೆ. ಗಂಜಲ ಕೊಳೆತರೆ ಅಮೋನಿಯಾ ಹುಟ್ಟುತ್ತದೆ. ಬೆಳಿಗ್ಗೆ ಕೊಟ್ಟಿಗೆಯ ಬಾಗಿಲು ತೆಗೆದಾಗ ಕಣ್ಣು ಉರಿಸುವ ವಾಸನೆ ಅದರದೇ. ಮಳೆಗಾಲದ ತೇವದ ಜೊತೆ ಆ ಅಮೋನಿಯಾ ತಾಮ್ರವನ್ನು ಕರಗಿಸಬಲ್ಲದು. ಸುತ್ತಿಗೆಯಲ್ಲಿ ಬಡಿದು ಉಬ್ಬಿಸಿದ ತಗಡಿನೊಳಗೆ ಬಿಗಿ ಉಳಿದಿರುತ್ತದೆ, ಎಳೆದು ಕಟ್ಟಿದ ತಂತಿಯ ಹಾಗೆ. ಲೋಹದ ಹರಳು ಹರಳಿನ ನಡುವಿನ ಸಂದಿಗೆ ಅಮೋನಿಯಾ ಇಳಿಯುತ್ತದೆ, ಒಳಗಿನ ಬಿಗಿ ಆ ಸಂದಿಯನ್ನು ಎಳೆದು ಸೀಳುತ್ತದೆ. ಎರಕದ ಹಿಂಜ್‌ಗೆ ಅಂಥ ಬಿಗಿ ಇಲ್ಲ, ಅದಕ್ಕೇ ಅದೇ ಗಾಳಿಯಲ್ಲಿದ್ದೂ ಅದು ಉಳಿಯಿತು.

ಈ ರೋಗ ಮೊದಲು ಕಣ್ಣಿಗೆ ಬಿದ್ದದ್ದು ನಮ್ಮ ದೇಶದ ಮಳೆಗಾಲದಲ್ಲೇ. ಬ್ರಿಟಿಷರ ಕಾಲದಲ್ಲಿ ಇಲ್ಲಿದ್ದ ಸೈನ್ಯದವರು ಮಳೆ ಮುಗಿಯುವ ತನಕ ಮದ್ದುಗುಂಡುಗಳನ್ನು ಕುದುರೆ ಲಾಯದಲ್ಲಿ ಇಟ್ಟಿರುತ್ತಿದ್ದರು. ಮಳೆ ನಿಂತ ಮೇಲೆ ತೆಗೆದು ನೋಡಿದರೆ ತೋಟಾಗಳ ಹಿತ್ತಾಳೆ ಕವಚ ಬಿರುಕು ಬಿಟ್ಟಿರುತ್ತಿತ್ತು, ಅದರಲ್ಲೂ ಗುಂಡನ್ನು ಒತ್ತಿ ಹಿಡಿದ ಕುತ್ತಿಗೆಯ ಜಾಗದಲ್ಲಿ. ಕುದುರೆ ಮೂತ್ರದ ಅಮೋನಿಯಾ ಮತ್ತು ತಗಡಿನೊಳಗೆ ಉಳಿದ ಬಿಗಿ, ಇವೆರಡೂ ಸೇರಿ ಹೀಗಾಗುತ್ತದೆ ಅಂತ ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು ವಿವರಿಸಿದ್ದು 1921ರಲ್ಲಿ. ಪರಿಹಾರವೂ ಸರಳ: ಆಕಾರ ಕೊಟ್ಟಾದ ಮೇಲೆ ಹದವಾಗಿ ಕಾಯಿಸಿ ಬಿಗಿ ಇಳಿಸುವುದು.

ಹಾಗಾದರೆ ನಾನು ಮಾಡಬೇಕಾದ ಹೊಸ ಮೊಗ್ಗುಗಳಿಗೂ ಅದೇ ದಾರಿ. 20 ಗೇಜಿನ ಹಿತ್ತಾಳೆ ತಗಡು ಶಿವಮೊಗ್ಗದಲ್ಲಿ ತೆಗೆದುಕೊಂಡೆ. ಒಂದು ಮೂಲೆಯನ್ನು ಪೂರ್ತಿ ಮಡಿಸಿ ಬಡಿದು ನೋಡಿದೆ, ಸೀಳಲಿಲ್ಲ. ತಾಮ್ರ 70, ಸತು 30ರ ತಗಡು ಹೀಗೆ ಮೆತ್ತಗೆ ಮಡಿಯುತ್ತದೆ. 60-40ರದ್ದಾದರೆ ತಣ್ಣಗಿದ್ದಾಗ ಇಷ್ಟು ಬಡಿತ ತಾಳುವುದಿಲ್ಲ. ಹಲಸಿನ ಕೊರಡಿನಲ್ಲಿ ಹಳೆಯ ಮೊಗ್ಗಿನ ಅಳತೆಗೆ ಗುಳಿ ತೋಡಿ, ದುಂಡಗೆ ಕತ್ತರಿಸಿದ ಬಿಲ್ಲೆಯನ್ನು ಅದರ ಮೇಲಿಟ್ಟು, ಅಂಚಿನಿಂದ ಸುತ್ತುತ್ತಾ ನಡುವಿಗೆ ಬಡಿದುಕೊಂಡು ಬಂದೆ. ಹತ್ತಿಪ್ಪತ್ತು ಸುತ್ತು ಬಡಿದ ಮೇಲೆ ಸದ್ದು ಬದಲಾಗುತ್ತದೆ. ಮೊದಲು ದಪ್ ದಪ್ ಅನ್ನುತ್ತಿದ್ದದ್ದು ಟಿಣ್ ಟಿಣ್ ಅನ್ನುತ್ತದೆ. ತಗಡು ಗಡಸಾಯಿತು, ಇನ್ನು ಬಡಿದರೆ ಒಡೆಯುತ್ತದೆ ಅಂತ ಅರ್ಥ. ಆಗ ಬ್ಲೋ ಟಾರ್ಚಿನ ಉರಿಯಲ್ಲಿ ಮಬ್ಬುಗೆಂಪು ಬರುವ ತನಕ ಕಾಯಿಸಿ ನೀರಿಗೆ ಹಾಕಬೇಕು. ಉಕ್ಕು ಹೀಗೆ ಮಾಡಿದರೆ ಗಡಸಾಗುತ್ತದೆ, ಹಿತ್ತಾಳೆ ಮೆತ್ತಗಾಗುತ್ತದೆ. ಮಬ್ಬುಗೆಂಪು ಬಿಸಿಲಿನಲ್ಲಿ ಕಾಣುವುದಿಲ್ಲ, ಅದಕ್ಕೆ ಸಂಜೆ ಜಗುಲಿಯ ಕತ್ತಲ ಮೂಲೆಯಲ್ಲಿ ಕೂತು ಮಾಡಿದೆ. ಹೆಚ್ಚು ಕಾಯಿಸಿದರೆ ಸತು ಬಿಳಿ ಹೊಗೆಯಾಗಿ ಹಾರುತ್ತದೆ. ಆ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ, ಹಾಗಾಗಿ ಗಾಳಿಯಾಡುವ ಜಾಗವೇ ಆಗಬೇಕು. ಒಂದು ಮೊಗ್ಗಿಗೆ ಮೂರು ಸಲ ಕಾಯಿಸಬೇಕಾಯಿತು.

ಕಾಯಿಸಿದ ಮೇಲೆ ಕೂರುವ ಕಪ್ಪನ್ನು ತೆಗೆಯಲು ಒಂದು ಲೀಟರ್ ಬಿಸಿನೀರಿಗೆ 100 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ). ಇಲ್ಲಿ ಒಂದು ತಪ್ಪು ಮಾಡಿದೆ. ಮೊದಲ ನಾಲ್ಕು ಮೊಗ್ಗುಗಳನ್ನು ಕಬ್ಬಿಣದ ಇಕ್ಕಳದಲ್ಲೇ ಹಿಡಿದು ಅದ್ದಿದೆ. ಕಣ್ಣೆದುರೇ ಹಳದಿ ಹೋಗಿ ಗುಲಾಬಿ ಬಣ್ಣ ಹತ್ತಿತು, ಹೊಸ ತಾಮ್ರದ ಚೊಂಬಿನ ಹಾಗೆ. ಹುಳಿಯಲ್ಲಿ ಕರಗಿದ್ದ ತಾಮ್ರ, ಕಬ್ಬಿಣ ಒಳಗೆ ಬಂದೊಡನೆ ಹಿತ್ತಾಳೆಯ ಮೇಲೆ ತೆಳ್ಳಗೆ ಕೂತಿತ್ತು. ಒಂದೊಂದನ್ನೂ ಬೂದಿ, ತೆಂಗಿನ ನಾರು ಹಾಕಿ ತಿಕ್ಕಿ ಹಳದಿಗೆ ತರಲು ಅರ್ಧ ಗಂಟೆ ಹಿಡಿಯಿತು. ಆ ನೀರನ್ನು ಚೆಲ್ಲಿ ಹೊಸದು ಮಾಡಿಕೊಂಡು, ಬಿದಿರು ಸೀಳಿ ಇಕ್ಕಳ ಮಾಡಿಕೊಂಡೆ.

ಕೊನೆಯ ಬಡಿತ ಆದಮೇಲೆ ಮತ್ತೆ ಮಬ್ಬುಗೆಂಪಿಗೆ ಕಾಯಿಸಬಾರದು. ಕಾಯಿಸಿದರೆ ಮೊಗ್ಗು ಬೆರಳಲ್ಲಿ ಒತ್ತಿದರೆ ತಗ್ಗುವಷ್ಟು ಮೆತ್ತಗಾಗುತ್ತದೆ. ಗಡಸುತನ ಉಳಿದು ಬಿಗಿ ಮಾತ್ರ ಇಳಿಯಬೇಕು ಅಂದರೆ ಸುಮಾರು 250 ಡಿಗ್ರಿ ಸಾಕು. ಶಿವಮೊಗ್ಗದ ನಮ್ಮ ಮನೆಯ ಓಟಿಜಿ (ಕೇಕ್ ಬೇಯಿಸುವ ಕರೆಂಟಿನ ಒಲೆ) ಅಷ್ಟಕ್ಕೆ ಹೋಗುತ್ತದೆ. ಚೆನ್ನಾಗಿ ತೊಳೆದು ಒರೆಸಿದ ಮೊಗ್ಗುಗಳನ್ನು ಟ್ರೇ ಮೇಲೆ ಜೋಡಿಸಿ ಒಂದೂವರೆ ಗಂಟೆ ಇಟ್ಟು, ಆಫ್ ಮಾಡಿ ಅಲ್ಲೇ ಆರಲು ಬಿಟ್ಟೆ. ಒಣಹುಲ್ಲಿನ ಬಣ್ಣ ಬಂತು. ಒಂಬತ್ತು ಬೇಕಿತ್ತು, ಹನ್ನೊಂದು ಮಾಡಿದ್ದೆ. ಒಲೆಗೆ ಹಾಕಿದ್ದು ಹತ್ತು. ಒಂದನ್ನು ಬೇಕಂತಲೇ ಹಾಗೇ ಇಟ್ಟುಕೊಂಡೆ. ಹೊರಗೆ ಒಡೆಯದೆ ಉಳಿದಿದ್ದ 15 ಹಳೆಯವನ್ನೂ ಮರುದಿನ ಅದೇ ಓಟಿಜಿಯಲ್ಲಿ ಕಾಯಿಸಿದೆ.

ತಿಕ್ಕುವ ವಿಷಯ. ಹುಣಸೆಹಣ್ಣು, ಉಪ್ಪು ಹಚ್ಚಿ ಐದು ನಿಮಿಷದೊಳಗೆ ತೊಳೆದುಬಿಡಬೇಕು. ರಾತ್ರಿಯಿಡೀ ಹುಳಿಯಲ್ಲಿ ಬಿಟ್ಟರೆ ಅಲ್ಲೂ ಮೇಲ್ಮೈಯ ಸತು ಕರಗಿ ಕೆಂಪು ತೇಪೆ ಬೀಳುತ್ತದೆ. ಪೇಟೆಯ ಕೆಲವು ಪಾಲಿಶ್‌ಗಳಲ್ಲಿ ಅಮೋನಿಯಾ ಇರುತ್ತದೆ. ದೊಡ್ಡ ಎರಕದ ಸಾಮಾನಿಗೆ ಹಚ್ಚಿ ಒರೆಸಿದರೆ ತೊಂದರೆಯಿಲ್ಲ, ಆದರೆ ಬಡಿದು ಮಾಡಿದ ತಗಡಿನ ಮಡಿಕೆಯೊಳಗೆ ಅದು ಕೂತು ಉಳಿಯುವುದು ನನಗೆ ಬೇಡ. ಲ್ಯಾಕರ್ (ಹೊಳಪಿನ ಪಾರದರ್ಶಕ ಲೇಪ) ಹೊಡೆಸು ಅಂತ ಇಬ್ಬರು ಮೂವರು ಹೇಳಿದರು. ಕೈ ತಾಗುವ ಬಾಗಿಲಿಗೆ ಅದು ನಿಲ್ಲುವುದಿಲ್ಲ. ಒಂದು ಕಡೆ ಸುಲಿದರೆ ಅಲ್ಲಷ್ಟೇ ಕಪ್ಪಾಗಿ ಚರ್ಮರೋಗದ ಹಾಗೆ ಕಾಣುತ್ತದೆ. ನಾನು ಹಚ್ಚಿದ್ದು ಜೇನುಮೇಣ. ಸಾಮಾನನ್ನು ಕೈಗೆ ಬಿಸಿ ತಾಗುವಷ್ಟು ಕಾಯಿಸಿ, ಮೇಣ ಸವರಿ, ಹಳೆಯ ಪಂಚೆಯ ತುಂಡಿನಲ್ಲಿ ಉಜ್ಜಿದೆ. ಬಳೆಗಳ ಒಳಮೈ ಮೂರು ತಲೆಮಾರಿನ ಕೈ ತಾಗಿ ನುಣುಪಾಗಿದೆ, ಅದನ್ನು ಮುಟ್ಟಲಿಲ್ಲ.

ಜೋಡಿಸುವುದು ಒಂದೇ ದಿನದಲ್ಲಿ ಮುಗಿಯಿತು. ಹಲಸು ಒಣಗಿ ಕಲ್ಲಾಗಿದೆ, ಹಿತ್ತಾಳೆ ಸ್ಕ್ರೂ ನೇರ ಹಾಕಿದರೆ ಕುತ್ತಿಗೆ ಮುರಿಯುವುದು ಖಂಡಿತ. 10 ನಂಬರಿನ ಸ್ಕ್ರೂಗೆ 3.2 ಮಿ.ಮೀ. ತೂತು ಕೊರೆದು, ಮೊದಲು ಅದೇ ಅಳತೆಯ ಸ್ಟೀಲ್ ಸ್ಕ್ರೂ ಒಂದನ್ನು ಪೂರ್ತಿ ಹಾಕಿ ತೆಗೆದೆ. ಮರದಲ್ಲಿ ಅದು ದಾರಿ ಮಾಡಿಕೊಡುತ್ತದೆ. ಆಮೇಲೆ ಹಿತ್ತಾಳೆ ಸ್ಕ್ರೂವಿನ ಎಳೆಗಳಿಗೆ ಮೇಣ ತಿಕ್ಕಿ ಕೈಯಲ್ಲೇ ತಿರುಗಿಸಿದೆ. ಕದ ಹೊಸ್ತಿಲಿನಿಂದ ಮೂರು ಮಿಲಿಮೀಟರ್ ಮೇಲೆ ನಿಂತಿತು. ದೊಡ್ಡಮ್ಮ ಕರೆಯುವ ಮೊದಲೇ ಬಂದು, ಒಂದು ಬೆರಳಿನಲ್ಲಿ ದೂಡಿ ನೋಡಿದರು, ಮತ್ತೆ ತೆಗೆದು ಇನ್ನೊಂದು ಸಲ ದೂಡಿದರು.

ಕೊಟ್ಟಿಗೆಯ ನೆಲದ ಓಟವನ್ನು ಚಿಕ್ಕಪ್ಪ ಮೇ ತಿಂಗಳಲ್ಲಿ ಗೊಬ್ಬರಗುಂಡಿಯ ಕಡೆಗೆ ತಿರುಗಿಸಿದರು. ಜಗುಲಿಯ ಕಡೆಯ ಕಿಂಡಿ ಮುಚ್ಚಿ, ಎದುರು ಗೋಡೆಯಲ್ಲಿ ಎರಡು ಕಿಂಡಿ ತೆಗೆದರು. ಹೆಚ್ಚಾಗಿ ಉಳಿದಿದ್ದ ಎರಡು ಮೊಗ್ಗುಗಳನ್ನು, ಓಟಿಜಿ ಕಂಡದ್ದೊಂದು, ಕಾಣದ್ದೊಂದು, ನಾನು ಕೊಟ್ಟಿಗೆಯ ಒಳಗೋಡೆಗೆ ಅಕ್ಕಪಕ್ಕ ಮೊಳೆ ಹೊಡೆದು ಬಂದಿದ್ದೆ. ಗಣೇಶನ ಹಬ್ಬಕ್ಕೆ ಊರಿಗೆ ಹೋದಾಗ ಭೂತಗನ್ನಡಿ ಹಿಡಿದು ನೋಡಿದೆ. ಎರಡೂ ಕಪ್ಪಾಗಿದ್ದವು, ಅಂಚಿನಲ್ಲಿ ನೀಲಿ ಕಿಲುಬು. ಕಾಯಿಸಿದ್ದರಲ್ಲಿ ಬಿರುಕಿಲ್ಲ. ಕಾಯಿಸದೆ ಇಟ್ಟದ್ದರ ಮಡಿಕೆಯಲ್ಲಿ, ಮೊಳೆಯ ಕಡೆಗೆ ಮುಖ ಮಾಡಿ, ಕೂದಲಿಗಿಂತ ಸಣ್ಣದೊಂದು ಗೆರೆ ಹೊರಟಿತ್ತು. ಎಷ್ಟು ಉದ್ದ ಇದೆ ಅಂತ ಗೋಡೆಯ ಮೇಲೆ ಸೀಸದಕಡ್ಡಿಯಲ್ಲಿ ಬರೆದಿಟ್ಟಿದ್ದೇನೆ: 4 ಮಿ.ಮೀ.